ದೇವಸ್ಥಾನದ ಮೈಕಿನಲ್ಲಿ ವೋಟು ಕೇಳಿದರೆ ತೆರಿಗೆ ವಿನಾಯಿತಿ ಹೋಗುತ್ತಾ?

ಪ್ರಶ್ನೆ: ನಾವಿರುವುದು ಅಮೆರಿಕದಲ್ಲಿ. ಇಲ್ಲಿನ ನಮ್ಮ ದೇವಸ್ಥಾನದಲ್ಲಿ ಮಂಗಳಾರತಿ ಮುಗಿದ ಮೇಲೆ ಟ್ರಸ್ಟಿಯೊಬ್ಬರು ಮೈಕ್ ಹಿಡಿದು ‘ಇಂಥವರಿಗೇ ವೋಟು ಹಾಕಿ’ ಅಂದರೆ ತೆರಿಗೆ ವಿನಾಯಿತಿ ಹೋಗುತ್ತಾ?

ಕಾನೂನಿನ ಅಕ್ಷರ ನೋಡಿದರೆ ಹೋಗಬಹುದು. ನಿಜವಾಗಿ ಹೋಗಿರುವುದು ಮಾತ್ರ ತೀರಾ ಅಪರೂಪ.

ಅಮೆರಿಕದ ಚರ್ಚು, ಮಸೀದಿ, ದೇವಸ್ಥಾನಗಳಷ್ಟೇ ಅಲ್ಲ, ಎಷ್ಟೋ ಕನ್ನಡ ಕೂಟಗಳೂ ಅಲ್ಲಿನ ತೆರಿಗೆ ಕಾನೂನಿನ 501(ಸಿ)(3) ಅನ್ನುವ ಗುಂಪಿಗೆ ಸೇರುತ್ತವೆ. ಸಂಸ್ಥೆ ಆದಾಯ ತೆರಿಗೆ ಕಟ್ಟಬೇಕಿಲ್ಲ, ದೇಣಿಗೆ ಕೊಟ್ಟವರಿಗೂ ತೆರಿಗೆಯಲ್ಲಿ ಕಡಿತ ಸಿಗುತ್ತದೆ. ಅದಕ್ಕೊಂದು ಷರತ್ತಿದೆ: ಸಂಸ್ಥೆ ಯಾವ ಅಭ್ಯರ್ಥಿಯ ಪರವಾಗಿಯೂ, ವಿರುದ್ಧವಾಗಿಯೂ ಪ್ರಚಾರ ಮಾಡುವಂತಿಲ್ಲ. ಟೆಕ್ಸಾಸ್‌ನ ಸೆನೆಟರ್ ಲಿಂಡನ್ ಜಾನ್ಸನ್ 1954ರಲ್ಲಿ ಸೇರಿಸಿದ್ದರಿಂದ ಇದಕ್ಕೆ ಜಾನ್ಸನ್ ತಿದ್ದುಪಡಿ ಅಂತಲೇ ಹೆಸರು.

ಇದು ಬಾಯಿ ಕಟ್ಟುವ ಕಾನೂನು ಅನ್ನುವವರು ಬಹಳ ಜನ. ನಾನು ಒಪ್ಪುವುದಿಲ್ಲ. 1992ರಲ್ಲಿ ನ್ಯೂಯಾರ್ಕ್ ರಾಜ್ಯದ ಪಿಯರ್ಸ್ ಕ್ರೀಕ್ ಚರ್ಚು ಏನು ಮಾಡಿತು ನೋಡಿ. ಚುನಾವಣೆಗೆ ನಾಲ್ಕೇ ದಿನ ಇರುವಾಗ ದೊಡ್ಡ ಪತ್ರಿಕೆಗಳಲ್ಲಿ ಪುಟ ತುಂಬ ಜಾಹೀರಾತು ಕೊಟ್ಟು, ಬಿಲ್ ಕ್ಲಿಂಟನ್‌ಗೆ ವೋಟು ಹಾಕಬೇಡಿ ಅನ್ನುವ ಅರ್ಥದಲ್ಲಿ ಬರೆಯಿತು. ಸಾಲದು ಅಂತ ಅದೇ ಜಾಹೀರಾತಿನಲ್ಲಿ, ಇದರ ಖರ್ಚಿಗೆ ದೇಣಿಗೆ ಕೊಡಿ, ತೆರಿಗೆ ಕಡಿತ ಸಿಗುತ್ತದೆ ಅಂತಲೂ ಕೇಳಿತು! ಆ ಕಡಿತದಿಂದ ಸರ್ಕಾರಕ್ಕೆ ಕಡಿಮೆಯಾಗುವ ತೆರಿಗೆಯ ಭಾರ ಎಲ್ಲರ ಮೇಲೂ ಬೀಳುತ್ತದೆ. ಅಂದರೆ ಕ್ಲಿಂಟನ್‌ಗೆ ವೋಟು ಹಾಕುವವನೂ ಆ ಪ್ರಚಾರದ ಭಾರ ಒಂದಿಷ್ಟು ಹೊರಬೇಕು, ಅಲ್ವಾ? 1995ರಲ್ಲಿ ಅದರ ವಿನಾಯಿತಿ ರದ್ದಾಯಿತು. ಮೇಲ್ಮನವಿ ಕೋರ್ಟು 2000ದಲ್ಲಿ ಅದನ್ನು ಎತ್ತಿಹಿಡಿಯಿತು.

ಈಗ ನಿಮ್ಮ ಮೈಕಿಗೆ ಬರೋಣ. 2025ರ ಜುಲೈನಲ್ಲಿ ಐಆರ್‌ಎಸ್, ಅಂದರೆ ಅಲ್ಲಿನ ತೆರಿಗೆ ಇಲಾಖೆ, ಟೆಕ್ಸಾಸ್‌ನ ಕೋರ್ಟಿನಲ್ಲಿ ಹೊಸ ಮಾತು ಹೇಳಿತು. ಪ್ರಾರ್ಥನೆ, ಪೂಜೆಯ ಸಂದರ್ಭದಲ್ಲಿ, ಎಂದಿನ ದಾರಿಯಲ್ಲೇ, ಧರ್ಮದ ದೃಷ್ಟಿಯಿಂದ ಪೂಜಾಸ್ಥಳವೊಂದು ತನ್ನ ಭಕ್ತರ ಜೊತೆ ಚುನಾವಣೆಯ ಬಗ್ಗೆ ಮಾತಾಡಿದರೆ ಅದು ಪ್ರಚಾರವಲ್ಲ ಅಂತ. ಹಾಗೆ ನೋಡಿದರೆ ನಿಮ್ಮ ಟ್ರಸ್ಟಿಯ ಮಾತಿಗೆ ಸ್ವಲ್ಪ ರಕ್ಷಣೆ ಸಿಗಬಹುದು. ಆದರೆ ಇಲಾಖೆ ಹೇಳಿದ ಮಾತ್ರಕ್ಕೆ 1954ರ ಕಾನೂನಿನ ಸಾಲು ಅಳಿಸಿಹೋಗುವುದಿಲ್ಲ. ಹೊರಗಿನ ಜನರಿಗೆ ಜಾಹೀರಾತು ಕೊಡುವುದು, ಅಭ್ಯರ್ಥಿಗೆ ಹಣ ಕೊಡುವುದು ಈ ಮಾತಿನೊಳಗೆ ಬರುವುದೂ ಇಲ್ಲ. ಕನ್ನಡ ಕೂಟ ಪೂಜಾಸ್ಥಳವಲ್ಲ, ಅದಕ್ಕಂತೂ ಹಳೆಯ ನಿಯಮವೇ.

ಟ್ರಸ್ಟಿಗೆ ಮನೆಯಲ್ಲೋ, ತಮ್ಮ ಸ್ವಂತ ಫೇಸ್‌ಬುಕ್‌ನಲ್ಲೋ ಯಾರ ಪರ ಬೇಕಾದರೂ ಮಾತಾಡುವ ಹಕ್ಕು ಪೂರ್ತಿ ಇದೆ. ದೇವಸ್ಥಾನದ ಮೈಕು ಬೇರೆ. ಹುಂಡಿಗೆ ಡಾಲರ್ ಹಾಕಿದವರಲ್ಲಿ ಎರಡೂ ಪಕ್ಷದವರಿದ್ದಾರೆ, ಅವರನ್ನು ಕೇಳದೆ ಅವರ ದೇವರ ಮುಂದೆ ನಿಂತು ಒಂದು ಪಕ್ಷ ಹಿಡಿಯುವುದು ನನಗೆ ತಪ್ಪೆನಿಸುತ್ತದೆ. ಅಭ್ಯರ್ಥಿಯನ್ನು ಭಾಷಣಕ್ಕೆ ಕರೆಸಲೇಬೇಕು ಅಂತಿದ್ದರೆ ಎದುರಾಳಿಗೂ ಅಂಥದ್ದೇ ಅವಕಾಶ, ಅಷ್ಟೇ ಹೊತ್ತು ಕೊಡಿ. ಅಲ್ಲಿ ಚಂದಾ ಎತ್ತಬೇಡಿ.