ಟಿಕೆಟ್ ಇಲ್ಲವಲ್ಲ, ಅನುಮತಿ ಏಕೆ?

ವಿಶ್ವಸಂಸ್ಥೆ 2018ರಲ್ಲಿ ಜೂನ್ 3ನ್ನು ವಿಶ್ವ ಬೈಸಿಕಲ್ ದಿನವೆಂದು ಘೋಷಿಸಿದ ಮೇಲೆ ನಮ್ಮ ಕಡೆಯ ಸೈಕಲ್ ಬಳಗಗಳಿಗೂ ಒಂದು ಹಬ್ಬ ಸಿಕ್ಕಿದೆ. ಬೆಳಿಗ್ಗೆ ಜಾಥಾ, ಸಂಜೆ ಸಿನಿಮಾ. ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಲ್ಲಿ ಪರದೆ, ಪ್ರೊಜೆಕ್ಟರ್, ಧ್ವನಿವರ್ಧಕ ಒದಗಿಸಿ ಪ್ರದರ್ಶನ ನಡೆಸಿಕೊಡುವುದು ನನ್ನ ವೃತ್ತಿಯಾದ್ದರಿಂದ ಮೇ ಕೊನೆಯ ವಾರದಲ್ಲಿ ನನಗೆ ಕರೆಗಳು ಬರುತ್ತವೆ. ಆ ಹೊತ್ತಿಗೆ ಫ್ಲೆಕ್ಸ್ ಮುದ್ರಣವಾಗಿರುತ್ತದೆ, ಮುಖ್ಯ ಅತಿಥಿಗಳು ಒಪ್ಪಿರುತ್ತಾರೆ, ಟೀ ಶರ್ಟಿನ ಅಳತೆಗಳನ್ನೂ ಬರೆದುಕೊಂಡಿರುತ್ತಾರೆ. ಚಿತ್ರಗಳೆಲ್ಲಿ ಎಂದರೆ "ಪೆನ್ ಡ್ರೈವ್‌ನಲ್ಲಿವೆ ಸರ್" ಎನ್ನುತ್ತಾರೆ. ಚಿತ್ರ ಮಾಡಿದವರನ್ನು ಕೇಳಿದ್ದೀರಾ ಎಂದರೆ ಒಂದು ಕ್ಷಣ ಸುಮ್ಮನಾಗಿ, ನಂತರ ಎಲ್ಲರೂ ಹೇಳುವ ಮಾತನ್ನೇ ಹೇಳುತ್ತಾರೆ: "ಟಿಕೆಟ್ ಇಡುವುದಿಲ್ಲವಲ್ಲ ಸರ್, ಎಲ್ಲ ಉಚಿತ."

ಈ ಮಾತನ್ನು ನಾನು ವೈದ್ಯರಿಂದ ಕೇಳಿದ್ದೇನೆ, ಪ್ರಾಧ್ಯಾಪಕರಿಂದ ಕೇಳಿದ್ದೇನೆ, ಬ್ಯಾಂಕ್ ಅಧಿಕಾರಿಗಳಿಂದ ಕೇಳಿದ್ದೇನೆ. ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಪರದೆ ಎಷ್ಟಡಿ ಇರಬೇಕು, ಕುರ್ಚಿ ಎಷ್ಟು ಬೇಕು ಎಂಬುದನ್ನು ಯಾವ ಶಾಮಿಯಾನದವರೂ ಹೇಳುತ್ತಾರೆ. ಅದಕ್ಕೆ ಈ ಅಂಕಣ ಬೇಡ. ಈ ಒಂದು ತಪ್ಪು ತಿಳಿವಳಿಕೆಯ ಬಗ್ಗೆ ಮಾತ್ರ ಬಿಡಿಸಿ ಹೇಳಬೇಕಾಗಿದೆ.

1957ರ ಹಕ್ಕುಸ್ವಾಮ್ಯ ಕಾಯ್ದೆಯ 14ನೇ ಕಲಂ ಚಲನಚಿತ್ರದ ಒಡೆಯನಿಗೆ ಕೆಲವು ಹಕ್ಕುಗಳನ್ನು ಕೊಡುತ್ತದೆ. ಪ್ರತಿ ತೆಗೆಯುವ ಹಕ್ಕು ಒಂದು. ಆ ಪ್ರತಿಯನ್ನು ಮಾರುವ, ಬಾಡಿಗೆಗೆ ಕೊಡುವ ಹಕ್ಕು ಇನ್ನೊಂದು. ಚಿತ್ರವನ್ನು ಸಾರ್ವಜನಿಕರ ಮುಂದಿಡುವ ಹಕ್ಕು ಇವೆರಡರಿಂದಲೂ ಬೇರೆ. ನೀವು ಡಿವಿಡಿ ಕೊಂಡಾಗ ನಿಮಗೆ ಬಂದದ್ದು ಒಂದು ಪ್ರತಿ ಮಾತ್ರ. ಅದನ್ನು ಮನೆಯಲ್ಲಿ ನೂರು ಸಲ ನೋಡಿ, ಬಂದ ನೆಂಟರಿಗೆಲ್ಲ ತೋರಿಸಿ, ಯಾರೂ ಕೇಳುವುದಿಲ್ಲ. ಶಾಲೆಯ ಬಯಲಿನಲ್ಲಿ ಪರದೆ ಕಟ್ಟಿ ಊರನ್ನು ಕರೆದಿರೋ, ಅದು ಮೂರನೆಯ ಹಕ್ಕಿನ ಬಳಕೆ. ಆ ಹಕ್ಕನ್ನು ನಿಮಗೆ ಯಾರೂ ಕೊಟ್ಟಿಲ್ಲ. ಸಾರ್ವಜನಿಕರ ಮುಂದಿಡುವುದು ಎಂದರೇನು ಎಂದು ಕಾಯ್ದೆ ವಿವರಿಸುವಾಗ ಟಿಕೆಟ್ಟಿನ ಮಾತನ್ನೇ ಎತ್ತುವುದಿಲ್ಲ. ಜನ ನಿಜವಾಗಿ ನೋಡಿದರೋ ಇಲ್ಲವೋ ಎಂಬುದು ಸಹ ಮುಖ್ಯವಲ್ಲ ಎನ್ನುತ್ತದೆ. ಖಾಲಿ ಕುರ್ಚಿಗಳ ಮುಂದೆ ಉಚಿತವಾಗಿ ತೋರಿಸಿದರೂ ಅದು ಸಾರ್ವಜನಿಕ ಪ್ರದರ್ಶನವೇ.

ಹಾಗಾದರೆ ಈ ತಪ್ಪು ತಿಳಿವಳಿಕೆ ಬಂದದ್ದು ಎಲ್ಲಿಂದ? ನನ್ನ ಊಹೆ ಹೀಗಿದೆ. ರೀಲಿನ ಕಾಲದಲ್ಲಿ ಪ್ರತಿ ಮತ್ತು ಹಕ್ಕು ಒಟ್ಟಿಗೇ ಬರುತ್ತಿದ್ದವು. ಟೂರಿಂಗ್ ಟಾಕೀಸಿನವರಿಗೆ ಗಾಂಧಿನಗರದ ವಿತರಕನೊಂದಿಗೆ ಕರಾರು ಆಗದೆ ಚಿತ್ರದ ಪೆಟ್ಟಿಗೆ ಬಸ್ಸೇರುತ್ತಿರಲಿಲ್ಲ. ಪೆಟ್ಟಿಗೆ ಊರಿಗೆ ಬಂತೆಂದರೆ ಇಷ್ಟು ದಿನ, ಇಂಥ ಊರಿನಲ್ಲಿ, ಇಷ್ಟು ಆಟ ಎಂಬುದು ಮೊದಲೇ ಇತ್ಯರ್ಥವಾಗಿರುತ್ತಿತ್ತು. ಈಗ ಚಿತ್ರ ಯಾವ ಕರಾರೂ ಇಲ್ಲದೆ ಕೈಗೆ ಬರುತ್ತದೆ. ಕೈಯಲ್ಲಿದೆ ಎಂದ ಮೇಲೆ ತೋರಿಸಬಹುದು ಎಂಬ ಹಳೆಯ ರೂಢಿ ಮಾತ್ರ ಉಳಿದಿದೆ.

"ಯೂಟ್ಯೂಬ್‌ನಲ್ಲೇ ಇದೆ, ಎಲ್ಲರೂ ನೋಡುತ್ತಾರೆ" ಎನ್ನುವವರಿಗೆ ಒಂದು ವಿನಂತಿ. ಆ ಸಂಸ್ಥೆಯ ಬಳಕೆಯ ಷರತ್ತುಗಳನ್ನು ಒಮ್ಮೆ ಓದಿ. ವೈಯಕ್ತಿಕ, ವಾಣಿಜ್ಯೇತರ ಬಳಕೆಗೆ ಮಾತ್ರ ಎಂದಿದೆ. ವಿಡಿಯೊಗಳನ್ನು ಸಾರ್ವಜನಿಕವಾಗಿ ಪ್ರದರ್ಶಿಸಬಾರದು ಎಂದು ಉದಾಹರಣೆ ಸಮೇತ ಬರೆದಿದ್ದಾರೆ. ಚಂದಾ ಕಟ್ಟಿ ನೋಡುವ ಒಟಿಟಿಗಳ ಚಂದಾ ಸಹ ಮನೆಯ ನೋಟಕ್ಕೇ ಹೊರತು ಊರಿನ ನೋಟಕ್ಕಲ್ಲ.

ಇನ್ನು ಕೆಲವರು ಕಾಯ್ದೆಯನ್ನು ಅರ್ಧ ಓದಿಕೊಂಡು ಬರುತ್ತಾರೆ. 52ನೇ ಕಲಮಿನಲ್ಲಿ ಹವ್ಯಾಸಿ ಸಂಘಗಳಿಗೆ ವಿನಾಯಿತಿ ಇದೆಯಲ್ಲ ಎನ್ನುತ್ತಾರೆ. ಇದೆ. ಆದರೆ ಹಣ ಕೊಡದ ಪ್ರೇಕ್ಷಕರ ಮುಂದೆ ಹವ್ಯಾಸಿ ಸಂಘ ಪ್ರದರ್ಶಿಸಬಹುದು ಎಂಬ ಆ ಮಾತು ಸಾಹಿತ್ಯ, ನಾಟಕ, ಸಂಗೀತ ಕೃತಿಗಳಿಗೆ ಸಂಬಂಧಿಸಿದ್ದು. ಅಲ್ಲಿ ಚಲನಚಿತ್ರದ ಹೆಸರಿಲ್ಲ. ಚಲನಚಿತ್ರದ ಹೆಸರು ಬರುವುದು ಶಿಕ್ಷಣ ಸಂಸ್ಥೆಗಳ ವಿನಾಯಿತಿಯಲ್ಲಿ. ಸಂಸ್ಥೆಯ ಚಟುವಟಿಕೆಯ ಭಾಗವಾಗಿ, ಅಲ್ಲಿನ ಸಿಬ್ಬಂದಿ, ವಿದ್ಯಾರ್ಥಿಗಳು, ವಿದ್ಯಾರ್ಥಿಗಳ ತಂದೆತಾಯಿ ಅಥವಾ ಪೋಷಕರು, ಸಂಸ್ಥೆಯ ಚಟುವಟಿಕೆಗಳಿಗೆ ಸಂಬಂಧಿಸಿದವರು, ಇಷ್ಟು ಜನರಿಗೆ ಮಾತ್ರ ತೋರಿಸಬಹುದು. ಇದು ನಮ್ಮ ಭಾಗಕ್ಕೆ ದೊಡ್ಡ ಅನುಕೂಲ. ರಾಜ್ಯ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿತು. ಹಳ್ಳಿಯಿಂದ ಪ್ರೌಢಶಾಲೆಗೆ ಹೋಗುವ ಹೆಣ್ಣುಮಕ್ಕಳ ದಾರಿಯನ್ನು ಆ ಸೈಕಲ್ ಎಷ್ಟು ಹತ್ತಿರ ಮಾಡಿತೆಂದು ಮಾನ್ವಿ, ಕುಷ್ಟಗಿ ಕಡೆಯ ಶಿಕ್ಷಕರನ್ನು ಕೇಳಬೇಕು. ಅಂಥ ಶಾಲೆಯೊಂದು ತನ್ನ ಮಕ್ಕಳಿಗೂ ಅವರ ತಾಯಂದಿರಿಗೂ ಸೈಕಲ್ ಚಿತ್ರ ತೋರಿಸುವುದು ಬಹಳ ಒಳ್ಳೆಯ ಕೆಲಸ. ಆದರೆ ಗೇಟಿಗೆ "ಸರ್ವರಿಗೂ ಸ್ವಾಗತ" ಎಂಬ ಫ್ಲೆಕ್ಸ್ ಕಟ್ಟಿದರೆ ಆ ರಕ್ಷಣೆ ಉಳಿಯುತ್ತದೆ ಎಂದು ನಾನು ಹೇಳಲಾರೆ. ನಾನು ವಕೀಲನಲ್ಲ, ನಿಮ್ಮ ಕಾರ್ಯಕ್ರಮ ಈ ಗೆರೆಯ ಯಾವ ಕಡೆ ಬೀಳುತ್ತದೆ ಎಂಬುದನ್ನು ವಿಷಯ ಬಲ್ಲ ವಕೀಲರೊಬ್ಬರಿಗೆ ತೋರಿಸಿಕೊಳ್ಳಿ.

ಶಿಕ್ಷೆಯ ಮಾತು ತೆಗೆದು ಹೆದರಿಸುವುದು ನನಗೆ ಇಷ್ಟವಿಲ್ಲ. ಕೇಳುವವರು ಇರುವುದರಿಂದ ಹೇಳುತ್ತೇನೆ. ತಿಳಿದೂ ಹಕ್ಕು ಉಲ್ಲಂಘಿಸಿದವರಿಗೆ 63ನೇ ಕಲಂ ಆರು ತಿಂಗಳಿನಿಂದ ಮೂರು ವರ್ಷದವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಹೇಳುತ್ತದೆ. ವ್ಯಾಪಾರದ ಲಾಭಕ್ಕಾಗಿ ಮಾಡಿದ್ದಲ್ಲವಾದರೆ ನ್ಯಾಯಾಲಯ ಕಾರಣ ಬರೆದು ಶಿಕ್ಷೆ ತಗ್ಗಿಸಬಹುದು. ಉಚಿತ ಎಂಬ ಮಾತಿಗೆ ಕಾಯ್ದೆಯಲ್ಲಿ ಬೆಲೆ ಇದ್ದರೆ ಅದು ಇಲ್ಲಿ, ಶಿಕ್ಷೆಯ ಪ್ರಮಾಣದಲ್ಲಿ. ಅನುಮತಿ ಬೇಕೋ ಬೇಡವೋ ಎಂಬ ಪ್ರಶ್ನೆಯಲ್ಲಿ ಅದಕ್ಕೆ ಜಾಗವಿಲ್ಲ.

ಅನುಮತಿ ಕೇಳುವುದು ಕಷ್ಟವೇ? ಕಷ್ಟವಲ್ಲ ಎಂಬುದೇ ನನ್ನ ಅಸಹನೆಗೆ ಕಾರಣ. ಸೈಕಲ್ ಕುರಿತ ಚಿತ್ರಗಳಲ್ಲಿ ಹೆಚ್ಚಿನವು ಕಿರುಚಿತ್ರಗಳು, ಸಾಕ್ಷ್ಯಚಿತ್ರಗಳು. ಅವನ್ನು ಮಾಡಿದವರು ಸಾಮಾನ್ಯವಾಗಿ ತಾವೂ ಸೈಕಲ್ ತುಳಿಯುವವರು. ನ್ಯೂಯಾರ್ಕ್‌ನಲ್ಲಿ 2001ರಲ್ಲಿ ಆರಂಭವಾಗಿ ಮುಂದೆ ಹಲವು ದೇಶಗಳ ನಗರಗಳಿಗೆ ಹೋದ ಬೈಸಿಕಲ್ ಚಿತ್ರೋತ್ಸವದ ಹಿಂದೆ ಇದ್ದವನು ಸಹ ಬಸ್ ಡಿಕ್ಕಿ ಹೊಡೆದ ಒಬ್ಬ ಸೈಕಲ್ ಸವಾರ. ಇಂಥವರಿಗೆ ಬರೆದರೆ ಉತ್ತರ ಬರುತ್ತದೆ. ಚಿತ್ರದ ಹೆಸರು, ಪ್ರದರ್ಶನದ ದಿನ, ಊರು, ಬಯಲೋ ಸಭಾಂಗಣವೋ, ಅಂದಾಜು ಎಷ್ಟು ಜನ, ಪ್ರವೇಶ ಶುಲ್ಕ ಇದೆಯೇ, ಪ್ರಾಯೋಜಕರು ಯಾರು, ಒಂದು ಆಟವೋ ಎರಡೋ, ಕನ್ನಡ ಅಡಿಬರಹ ಸೇರಿಸಲು ಒಪ್ಪಿಗೆ ಇದೆಯೇ, ಇಷ್ಟನ್ನು ಬರೆಯಿರಿ. ಉತ್ತರವನ್ನು ಲಿಖಿತವಾಗಿ ಇಟ್ಟುಕೊಳ್ಳಿ. ಕೆಲವರು ಶುಲ್ಕ ಕೇಳುತ್ತಾರೆ. ಊರಿನ ಸಣ್ಣ ಬಳಗ ಎಂದು ವಿವರಿಸಿದರೆ ತಗ್ಗಿಸುವುದೂ ಉಂಟು. ಬೇಡ ಎಂದವರ ಚಿತ್ರವನ್ನು ಕೈಬಿಡಿ.

ಗಂಗಾವತಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಚಕ್ರ ಕಟ್ಟುವ ಕುಶಲಕರ್ಮಿಯೊಬ್ಬನ ಬಗೆಗಿನ ವಿದೇಶಿ ಕಿರುಚಿತ್ರ ತೋರಿಸಿದ್ದೆವು. ನಿರ್ದೇಶಕಿ ಹಣ ಕೇಳಲಿಲ್ಲ. ನೋಡಿದವರು ಏನೆಂದರು ಎಂಬುದನ್ನು ಬರೆದು ಕಳಿಸಿ ಎಂದಿದ್ದರು. ಮುಂದಿನ ಸಾಲಿನಲ್ಲಿ ಒಬ್ಬ ಅಜ್ಜ ಕುಳಿತಿದ್ದರು. ಒಂದು ಕಾಲದಲ್ಲಿ ಗಂಟೆಯ ಲೆಕ್ಕದಲ್ಲಿ ಬಾಡಿಗೆ ಸೈಕಲ್ ಕೊಡುತ್ತಿದ್ದವರು. ಪರದೆಯ ಮೇಲಿನವನು ಕಡ್ಡಿ ಬಿಗಿ ಮಾಡುತ್ತಾ ರಿಮ್ಮಿನ ಬೆಂಡ್ ತೆಗೆಯುವಾಗ ಅಜ್ಜ ಎದ್ದು ನಿಂತು, "ಎದುರು ಕಡೆಯ ಕಡ್ಡಿ ಸಡಿಲ ಮಾಡು, ಇಲ್ಲದಿದ್ದರೆ ಮತ್ತೆ ಎಳೆಯುತ್ತದೆ" ಎಂದರು. ಮರುಕ್ಷಣ ಚಿತ್ರದವನು ಅದನ್ನೇ ಮಾಡಿದ. ಊರೆಲ್ಲ ಚಪ್ಪಾಳೆ ತಟ್ಟಿತು. ಇದನ್ನು ಬರೆದು ಕಳಿಸಿದೆವು. ಆ ನಿರ್ದೇಶಕಿ ಅಜ್ಜನ ಫೋಟೊ ಬೇಕೆಂದು ಕೇಳಿ, ಅವರಿಗೆಂದೇ ಒಂದು ಪತ್ರ ಬರೆದರು. ಕದ್ದ ಪ್ರತಿಯನ್ನು ತೋರಿಸಿದ್ದರೆ ಆ ಪತ್ರ ಬರುತ್ತಿತ್ತೇ?

ಹಕ್ಕಿನ ಅವಧಿ ಮುಗಿದ ಚಿತ್ರಗಳೂ ಇವೆ. ನಮ್ಮಲ್ಲಿ ಚಲನಚಿತ್ರದ ಹಕ್ಕು ಪ್ರಕಟವಾದ ಮರುವರ್ಷದಿಂದ ಎಣಿಸಿ 60 ವರ್ಷ. ಲೂಮಿಯೆರ್ ಸಹೋದರರು 1895ರಲ್ಲಿ ಪ್ಯಾರಿಸ್‌ನಲ್ಲಿ ಜನರಿಗೆ ತೋರಿಸಿದ ಮೊದಲ ಚಿತ್ರಗಳಲ್ಲಿ ಕಾರ್ಖಾನೆಯಿಂದ ಹೊರಬರುವ ಕಾರ್ಮಿಕರದ್ದೂ ಒಂದು. ಒಂದು ನಿಮಿಷವೂ ಇಲ್ಲದ ಅದರಲ್ಲಿ ಸೈಕಲ್‌ಗಳಿವೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಪಾಳಿ ಬಿಡುವ ಹೊತ್ತನ್ನು ಕಂಡವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಇಟಲಿಯ ನಿರ್ದೇಶಕ ಡಿ ಸಿಕಾ ಅವರ 'ಬೈಸಿಕಲ್ ಥೀವ್ಸ್' 1948ರದು. 1952ರಲ್ಲಿ ಭಾರತದ ಮೊದಲ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಬಂದು ನಮ್ಮ ಎಷ್ಟೋ ನಿರ್ದೇಶಕರ ಕಣ್ಣು ತೆರೆಸಿದ ಚಿತ್ರ. ನಮ್ಮ ಲೆಕ್ಕದಲ್ಲಿ ಅದರ 60 ವರ್ಷ 2008ಕ್ಕೆ ಮುಗಿಯಿತು. ಆದರೆ ಎಚ್ಚರಿಕೆ ಬೇಕು. ಚಿತ್ರಕ್ಕೆ ಆಮೇಲೆ ಯಾರೋ ಕೂಡಿಸಿದ ಸಂಗೀತ, ಯಾರೋ ಮಾಡಿದ ಅಡಿಬರಹ ಹೊಸದಾಗಿರಬಹುದು. ಅವುಗಳ ಹಕ್ಕು ಬೇರೆ.

ಸ್ಥಳೀಯ ಚಿತ್ರಗಳ ವಿಷಯದಲ್ಲೂ ಇದೇ ತೊಡಕು. ಬಳ್ಳಾರಿಯಲ್ಲಿ ಜೀನ್ಸ್ ಬಟ್ಟೆಯ ಗಂಟನ್ನು ಕ್ಯಾರಿಯರ್‌ಗೆ ಕಟ್ಟಿ ಒಯ್ಯುವವರು, ಹಾಲಿನವರು, ಪಂಕ್ಚರ್ ಅಂಗಡಿಯವರು, ಇವರ ಬಗ್ಗೆ ಕಾಲೇಜು ಮಕ್ಕಳಿಂದ ಐದು ನಿಮಿಷದ ಚಿತ್ರ ಮಾಡಿಸಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಮಕ್ಕಳು ಮನಸ್ಸಿಟ್ಟು ಮಾಡುತ್ತಾರೆ, ಕೊನೆಗೆ ಹಿನ್ನೆಲೆಗೆ ಯಾವುದೋ ಜನಪ್ರಿಯ ಸಿನಿಮಾ ಹಾಡು ಹಾಕಿಬಿಡುತ್ತಾರೆ. ಚಿತ್ರ ಅವರದು, ಹಾಡು ಅವರದಲ್ಲ. ಪಕ್ಕದ ಊರಿನ ಹಾರ್ಮೋನಿಯಂ ಮಾಸ್ತರರನ್ನು ಕೂರಿಸಿ ನುಡಿಸಿ, ರೆಕಾರ್ಡ್ ಮಾಡಿ, ಅವರ ಸಹಿ ಪಡೆಯಿರಿ. ಕೇಳುವುದಕ್ಕೂ ಅದೇ ಚೆನ್ನ.

ಪ್ರಮಾಣಪತ್ರದ ವಿಷಯ ಬೇರೆಯೇ. ಒಡೆಯ ಒಪ್ಪಿದರೂ 1952ರ ಸಿನಿಮಾಟೋಗ್ರಾಫ್ ಕಾಯ್ದೆಯ ಪ್ರಕಾರ ಸಾರ್ವಜನಿಕ ಪ್ರದರ್ಶನಕ್ಕೆ ಸೆನ್ಸಾರ್ ಪ್ರಮಾಣಪತ್ರ ಬೇಕು. ಪ್ರಮಾಣಪತ್ರವಿಲ್ಲದ ಚಿತ್ರಗಳನ್ನು ಉತ್ಸವದಲ್ಲಿ ತೋರಿಸಲು ವಾರ್ತಾ ಮತ್ತು ಪ್ರಸಾರ ಸಚಿವಾಲಯದಿಂದ ವಿನಾಯಿತಿ ಕೋರುವ ವ್ಯವಸ್ಥೆ ಇದೆ, ಅರ್ಜಿಗೆ ಸಮಯ ಹಿಡಿಯುತ್ತದೆ. ಸ್ಥಳದ ಪರವಾನಗಿಯ ಬಗ್ಗೆ ಜಿಲ್ಲಾಧಿಕಾರಿ ಕಚೇರಿಯಲ್ಲಿ, ಮೈಕಿನ ಬಗ್ಗೆ ಪೊಲೀಸ್ ಠಾಣೆಯಲ್ಲಿ ವಿಚಾರಿಸಿ.

ಜೂನ್ ಆರಂಭದಲ್ಲಿ ನಮ್ಮಲ್ಲಿ ಸೂರ್ಯ ಮುಳುಗುವಾಗ ಏಳು ಗಂಟೆ ಸಮೀಪಿಸಿರುತ್ತದೆ. ಬಯಲಿನಲ್ಲಿ ಪರದೆಯ ಮೇಲೆ ಚಿತ್ರ ಸ್ಪಷ್ಟವಾಗಿ ಮೂಡಲು ಏಳೂವರೆಯಾಗಬೇಕು. ರಾತ್ರಿ ಹತ್ತರ ನಂತರ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ನಿಮಗಿರುವುದು ಎರಡೂವರೆ ಗಂಟೆ. ಅದರಲ್ಲಿ ಭಾಷಣಕ್ಕೆ ಮುಕ್ಕಾಲು ಗಂಟೆ ಕೊಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಆ ದಿನಗಳ ಸಂಜೆಯ ಗಾಳಿಗೆ ದೊಡ್ಡ ಪರದೆ ನಿಲ್ಲುವುದೂ ಕಷ್ಟ. ಬಳ್ಳಾರಿಯ ರಾಘವ ಕಲಾಮಂದಿರ, ರಾಯಚೂರಿನ ಸಿದ್ದರಾಮ ಜಂಬಲದಿನ್ನಿ ರಂಗಮಂದಿರ, ಕೊಪ್ಪಳದ ಸಾಹಿತ್ಯ ಭವನದಂಥ ಒಳಾಂಗಣ ಸಿಕ್ಕರೆ ಮೊದಲು ಅದನ್ನೇ ಕೇಳಿ.

ಸೈಕಲ್ ತುಳಿದೇ ಕರೆಂಟ್ ತಯಾರಿಸಿ ಸಿನಿಮಾ ತೋರಿಸೋಣ ಎಂದು ಯುವಕರು ಉತ್ಸಾಹದಿಂದ ಬರುತ್ತಾರೆ. ಆಗುತ್ತದೆ. ಸಾಮಾನ್ಯ ಸವಾರನೊಬ್ಬ ಒಂದೇ ಸಮನೆ ತುಳಿದರೆ 75ರಿಂದ 100 ವಾಟ್ ಕೊಡಬಲ್ಲ, ನಡುವೆ ಒಂದಿಷ್ಟು ಸೋರಿಕೆಯೂ ಇದೆ. 300 ವಾಟ್‌ನ ಪ್ರೊಜೆಕ್ಟರಿಗೆ ಒಂದೇ ಹೊತ್ತಿಗೆ ನಾಲ್ಕೈದು ಜನ ಬೇಕು, ಧ್ವನಿಗೆ ಮತ್ತೊಬ್ಬ, ನಡುವೆ ಬ್ಯಾಟರಿ. ಸರದಿಯಲ್ಲಿ ತುಳಿಯಲು ಮಕ್ಕಳು ಸಾಲುಗಟ್ಟುತ್ತಾರೆ; ಆ ಸಂಭ್ರಮ ನನಗೆ ಬಹಳ ಇಷ್ಟ. ಕಿರುಚಿತ್ರಗಳಿಗಷ್ಟೇ ಇಟ್ಟುಕೊಳ್ಳಿ.

ಪ್ರಾಯೋಜಕರ ವಿಷಯ ಮರೆಯಬಾರದು. ಕೆಲವು ಚಿತ್ರಗಳನ್ನು ಮಾಡಿದವರೇ ವಾಣಿಜ್ಯೇತರ ಬಳಕೆಗೆ ಮುಕ್ತವಾಗಿ ಬಿಟ್ಟಿರುತ್ತಾರೆ. ನಿಮ್ಮ ವೇದಿಕೆಯ ಮೇಲೆ ಗಣಿ ಕಂಪನಿಯದೋ ಸೈಕಲ್ ಮಳಿಗೆಯದೋ ಹೆಸರು ಚಿತ್ರದ ಹೆಸರಿಗಿಂತ ದೊಡ್ಡದಾಗಿದ್ದರೆ ಅದು ವಾಣಿಜ್ಯೇತರವೇ ಎಂಬ ಪ್ರಶ್ನೆ ಏಳುತ್ತದೆ. ಅನುಮಾನವಿದ್ದಲ್ಲಿ ಚಿತ್ರ ಮಾಡಿದವರಿಗೇ ಬರೆದು ಕೇಳಿ. ಮಾರ್ಪಾಡು ಕೂಡದು ಎಂದು ಬರೆದಿದ್ದರೆ ಕನ್ನಡ ಅಡಿಬರಹಕ್ಕೂ ಕೇಳಲೇಬೇಕು.

ಜೂನ್ 3ಕ್ಕೆ ಉತ್ಸವವಾದರೆ ಪತ್ರಗಳು ಮಾರ್ಚ್ ಮೊದಲ ವಾರದಲ್ಲಿ ಹೊರಡಬೇಕು. ಏಪ್ರಿಲ್ ನಡುವಿನೊಳಗೆ ಒಪ್ಪಿಗೆ ಬಂದ ಚಿತ್ರಗಳ ಪಟ್ಟಿ ಸಿದ್ಧವಾಗಬೇಕು. ಅದರ ನಂತರವೇ ವಿನಾಯಿತಿಯ ಅರ್ಜಿ, ಅಡಿಬರಹದ ಕೆಲಸ, ಕೊನೆಗೆ ಫ್ಲೆಕ್ಸ್. ಅನುಮತಿ ಪತ್ರದ ಮಾದರಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ನನ್ನ ಬಳಿ ಇದೆ. ನನ್ನ ಪ್ರೊಜೆಕ್ಟರ್ ಬಾಡಿಗೆಗೆ ಪಡೆಯದವರಿಗೂ ಅದನ್ನು ಕೊಡುತ್ತೇನೆ.