ಕಾರ್ಬನ್ ಡೇಟಿಂಗ್ ಹೇಳುವ ವಯಸ್ಸು ಯಾವುದರದು?

ಉತ್ಖನನದ ಸುದ್ದಿಯಲ್ಲಿ ಈ ಸಾಲು ತಪ್ಪುವುದೇ ಇಲ್ಲ: ‘ಪತ್ತೆಯಾದ ಕಲ್ಲಿನ ವಿಗ್ರಹವನ್ನು ಕಾರ್ಬನ್ ಡೇಟಿಂಗ್‌ಗೆ ಒಳಪಡಿಸಲಾಗುವುದು.’ ಒಳಪಡಿಸಿ ಸಿಗುವುದೇನು? ಕಲ್ಲು ಯಾವತ್ತೂ ಬದುಕಿದ್ದಲ್ಲ. ಡೈನೋಸಾರ್ ಮೂಳೆಗೂ ಇದೇ ಪರೀಕ್ಷೆ ಮಾಡಿಸಿಬಿಡುವವರಿದ್ದಾರೆ. ಅವು ಅಳಿದು 6.6 ಕೋಟಿ ವರ್ಷವಾಯಿತು. ಈ ವಿಧಾನ ಸುಮಾರು 50 ಸಾವಿರ ವರ್ಷಕ್ಕೇ ಕೈಚೆಲ್ಲುತ್ತದೆ.

ಅಳೆಯುವುದು ಕಾರ್ಬನ್-14 ಅನ್ನು, ಅಂದರೆ ಇಂಗಾಲದ ಒಂದು ವಿಕಿರಣಶೀಲ ರೂಪವನ್ನು. ಜೀವಿ ಬದುಕಿರುವಷ್ಟು ದಿನ ಅದರೊಳಗೆ ಇದು ತುಂಬಿಕೊಳ್ಳುತ್ತಲೇ ಇರುತ್ತದೆ, ಸತ್ತ ಮೇಲೆ 5,730 ವರ್ಷಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ. ಹಾಗಾಗಿ ಸಿಗುವುದು ಸಾವಿನ ಕಾಲ, ವಸ್ತು ತಯಾರಾದ ಕಾಲವಲ್ಲ. ಮರದಲ್ಲಂತೂ ಪ್ರತಿ ಉಂಗುರವೂ ತಾನು ಬೆಳೆದ ವರ್ಷಕ್ಕೇ ನಿಂತುಬಿಡುತ್ತದೆ. ಮುನ್ನೂರು ವರ್ಷದ ಮರದ ತಿರುಳನ್ನು ಸುಟ್ಟ ಇದ್ದಿಲು, ಒಲೆ ಹೊತ್ತಿಸಿದ ದಿನಕ್ಕಿಂತ ಮುನ್ನೂರು ವರ್ಷ ಹಳೆಯದೆಂದು ಸಾಕ್ಷಿ ಹೇಳುತ್ತದೆ. ಬಲ್ಲವರು ಇದ್ದಿಲಿಗಿಂತ ಸುಟ್ಟ ಕಾಳನ್ನು ಹುಡುಕುವುದು ಅದಕ್ಕೇ. ಕಾಳಿನ ಆಯುಷ್ಯ ಒಂದು ಬೆಳೆ.

ಸುಣ್ಣದ ಗಾರೆ ಗಟ್ಟಿಯಾಗುವಾಗ ಗಾಳಿಯ ಇಂಗಾಲವನ್ನು ಹೀರುತ್ತದೆ, ಆದ್ದರಿಂದ ಅದರ ಕಾಲ ಹೇಳಬಹುದು, ಕಷ್ಟಪಟ್ಟು. ಇದ್ದಿಲಿನಲ್ಲಿ ಕರಗಿಸಿದ ಕಬ್ಬಿಣದೊಳಗಿನ ಇಂಗಾಲವೂ ಮಾತಾಡುತ್ತದೆ. ಕಲ್ಲಿದ್ದಲಿನಲ್ಲಿ ಕರಗಿಸಿದ್ದಾದರೆ ಸುಳ್ಳು ಹೇಳುತ್ತದೆ, ಕಲ್ಲಿದ್ದಲಿನ ಕಾರ್ಬನ್-14 ಎಂದೋ ಮುಗಿದಿರುವುದರಿಂದ.

ಇನ್ನು ‘ಬಿ.ಪಿ.’ ಎಂಬ ಎರಡಕ್ಷರ. ಅತಿ ಹೆಚ್ಚು ಎಡವಟ್ಟು ಇಲ್ಲೇ. ಪ್ರಯೋಗಾಲಯ ‘3000 ± 30 ಬಿ.ಪಿ.’ ಎಂದು ಕೊಡುತ್ತದೆ. ‘ಈಗಿನಿಂದ ಹಿಂದಕ್ಕೆ’ ಎಂದರ್ಥ ನಿಜ, ಆದರೆ ಆ ‘ಈಗ’ 1950ಕ್ಕೆ ನಿಂತಿದೆ. ಪ್ರತಿ ವರ್ಷ ಸರಿಯುವ ‘ಈಗ’ವನ್ನು ಇಟ್ಟುಕೊಂಡರೆ ಹಳೆಯ ವರದಿಗಳೆಲ್ಲ ವರ್ಷವರ್ಷವೂ ಹಳಸುತ್ತಿದ್ದವು. ಅಷ್ಟೇ ಅಲ್ಲ, ಮುಂದೆ ಅಣುಬಾಂಬ್ ಪರೀಕ್ಷೆಗಳು 1960ರ ದಶಕದ ನಡುವಿನ ಹೊತ್ತಿಗೆ ಉತ್ತರಾರ್ಧಗೋಳದ ಗಾಳಿಯಲ್ಲಿ ಕಾರ್ಬನ್-14 ಅನ್ನು ಹೆಚ್ಚುಕಡಿಮೆ ಇಮ್ಮಡಿ ಮಾಡಿಬಿಟ್ಟವು. ‘ಈಗ’ ಅದಕ್ಕೂ ಹಿಂದೆಯೇ ನಿಂತದ್ದು ಒಳ್ಳೆಯದೇ ಆಯಿತು.

ಸುದ್ದಿ ಬರೆಯುವವರು ಏನು ಮಾಡುತ್ತಾರೆ? 3000ದಲ್ಲಿ 1950 ಕಳೆದು ‘ಕ್ರಿ.ಪೂ. 1050’ ಎಂದು ಶೀರ್ಷಿಕೆ ಕೊಡುತ್ತಾರೆ. ತಪ್ಪು. ಅದು ಕ್ಯಾಲೆಂಡರ್ ವರ್ಷವೇ ಅಲ್ಲ. ಗಾಳಿಯ ಕಾರ್ಬನ್-14 ಪ್ರಮಾಣ ಯುಗಯುಗಕ್ಕೂ ಒಂದೇ ಇರಲಿಲ್ಲ. ಮರದ ಉಂಗುರಗಳಂಥ ದಾಖಲೆಗಳಿಂದ ಕಟ್ಟಿದ ತಿದ್ದುಪಡಿ ರೇಖೆಯ ಮೇಲೆ ಇಟ್ಟು ನೋಡಬೇಕು. ಉತ್ತರಾರ್ಧಗೋಳಕ್ಕೆ 2020ರಲ್ಲಿ ಬಂದ ಇಂಟ್‌ಕ್ಯಾಲ್20 ಎಂಬ ರೇಖೆ ಇದೆ. ಅದರ ಮೇಲಿಟ್ಟರೆ ಈ 3000 ಬಹುಮಟ್ಟಿಗೆ ಕ್ರಿ.ಪೂ. 13–12ನೇ ಶತಮಾನಕ್ಕೆ ಹೋಗಿ ಕೂರುತ್ತದೆ. ಅದೂ ಒಂದು ವರ್ಷವಾಗಿ ಅಲ್ಲ, ಒಂದು ಅವಧಿಯಾಗಿ. ± 30 ಎಂಬುದೂ ಗಡಿಗೋಡೆಯಲ್ಲ, ನಿಜವಾದ ಅಂಕಿ ಅದರಾಚೆ ಇರುವ ಸಾಧ್ಯತೆ ಮೂರರಲ್ಲೊಂದರಷ್ಟು. ಕ್ರಿ.ಪೂ. 800ರಿಂದ 400ರವರೆಗೆ ರೇಖೆ ಚಪ್ಪಟೆಯಾಗಿದೆ. ಆ ನಾಲ್ಕು ಶತಮಾನದ ಯಾವ ಕಾಳು ಕೊಟ್ಟರೂ ಉತ್ತರ ಹೆಚ್ಚುಕಡಿಮೆ ಒಂದೇ. ಅಲ್ಲಿ ‘ಕ್ರಿ.ಪೂ. 580ರ ನಗರ’ ಎಂದು ಈ ಒಂದು ಪರೀಕ್ಷೆಯನ್ನೇ ನಂಬಿ ಬರೆದರೆ ಅದು ಬರೆದವರ ಉತ್ಸಾಹ.

ಇನ್ನೊಂದು ವಿಚಿತ್ರ. ಈ ವಿಧಾನವನ್ನು ಕಂಡುಹಿಡಿದ ಲಿಬ್ಬಿ ಬಳಸಿದ ಅರ್ಧಾಯು, ಅಂದರೆ ಅರ್ಧಕ್ಕಿಳಿಯುವ ಕಾಲ, 5,568 ವರ್ಷ. ಅದು ಕಡಿಮೆಯಾಯಿತೆಂದು ಆಮೇಲೆ ಗೊತ್ತಾದರೂ ಬಿ.ಪಿ. ಲೆಕ್ಕ ಇಂದಿಗೂ ಅದರಲ್ಲೇ ನಡೆಯುತ್ತದೆ, ಹಳೆಯ ಹೊಸ ವರದಿಗಳು ಒಂದಕ್ಕೊಂದು ತಾಳೆಯಾಗಲೆಂದು. ತಿದ್ದುಪಡಿ ರೇಖೆ ಅದನ್ನೂ ಸರಿದೂಗಿಸುತ್ತದೆ. ನಡುವೆ ಯಾರೋ ಜಾಣರು 5,730 ಮತ್ತು 5,568ರ ಅನುಪಾತವಾದ 1.03ರಿಂದ ಗುಣಿಸಿ ‘ಸರಿಪಡಿಸಿ’ ಮತ್ತೆ ರೇಖೆಗೆ ಹಾಕಿದರೆ ತಪ್ಪು ತಿದ್ದಿ ಹೊಸ ತಪ್ಪು ಮಾಡಿದಂತೆ.

ಮಾದರಿ ಮಲಿನವಾದರೆ ಪೆಟ್ಟು ಎರಡೂ ಕಡೆ ಸಮನಾಗಿ ಬೀಳುವುದಿಲ್ಲ. ಕಾರ್ಬನ್-14 ಪೂರಾ ಕಳೆದುಕೊಂಡ ಇಂಗಾಲ ಶೇ. 1 ಬೆರೆತರೆ ವಯಸ್ಸು ಸುಮಾರು 80 ವರ್ಷ ಹೆಚ್ಚುತ್ತದೆ, ಅಷ್ಟೆ. ಅದೇ ಶೇ. 1 ಹೊಸ ಇಂಗಾಲ 40 ಸಾವಿರ ವರ್ಷದ ಮೂಳೆಗೆ ಸೇರಿದರೆ 33 ಸಾವಿರ ಎಂದು ಬರುತ್ತದೆ. ಆದ್ದರಿಂದಲೇ ಇದ್ದಿಲನ್ನು ಮೊದಲು ಆಮ್ಲದಲ್ಲಿ ಕಾರ್ಬೊನೇಟ್ ಹೋಗಲು, ನಂತರ ಕ್ಷಾರದಲ್ಲಿ ಮಣ್ಣಿನ ಹ್ಯೂಮಿಕ್ ಆಮ್ಲ ಹೋಗಲು, ಕ್ಷಾರ ಹೀರಿಕೊಂಡ ಗಾಳಿಯ ಇಂಗಾಲ ಹೋಗಲು ಮತ್ತೆ ಆಮ್ಲದಲ್ಲಿ ತೊಳೆಯುವುದು. ಮೂಳೆಯಿಂದ ಕೊಲಾಜೆನ್ ಎಂಬ ಪ್ರೋಟೀನ್ ಮಾತ್ರ ತೆಗೆದು, ಅದರಲ್ಲಿ ಇಂಗಾಲ-ಸಾರಜನಕ ಪರಮಾಣುಗಳ ಅನುಪಾತ 2.9ರಿಂದ 3.6ರೊಳಗಿದೆಯೇ ನೋಡುತ್ತಾರೆ. ಹೊರಗಿದ್ದರೆ ಆ ಮಾದರಿ ಕಸದ ಬುಟ್ಟಿಗೆ. ಕಡೆಗೆ ಕಾರ್ಬನ್-14 ಪರಮಾಣುಗಳನ್ನು ಎಣಿಸುವ ವೇಗವರ್ಧಕ ಯಂತ್ರಕ್ಕೆ ಬೇಕಾಗುವುದು ಒಂದು ಮಿಲಿಗ್ರಾಂ ಇಂಗಾಲ, ಕೆಲವೊಮ್ಮೆ ಅದಕ್ಕೂ ಕಡಿಮೆ. ಉತ್ಖನನದ ಜಾಗದಲ್ಲೇ ಹತ್ತಿಯಲ್ಲಿ ಸುತ್ತಿ, ಅಂಟು ಬಳಿದು ಕಳಿಸಿದರೆ ಈ ಶ್ರಮವೆಲ್ಲ ನೀರಿನಲ್ಲಿ ಹೋಮ. ಅಲ್ಯೂಮಿನಿಯಂ ಹಾಳೆ ಸಾಕು.

ಅಷ್ಟು ಶುದ್ಧ ಮಾಡಿದರೂ ಸಮುದ್ರದ ಮೀನನ್ನೇ ತಿಂದು ಬದುಕಿದವರ ಮೂಳೆ ನಾನೂರು ವರ್ಷದವರೆಗೂ ಹಳೆಯದಾಗಿ ಕಾಣಬಹುದು, ಆಳದ ನೀರಿನ ಇಂಗಾಲವೇ ಹಳೆಯದಾದ್ದರಿಂದ. ಇನ್ನು ಆ ಕಲ್ಲಿನ ವಿಗ್ರಹ? ಅದು ಹೂತಿದ್ದ ಮಣ್ಣಿನ ಮರಳುಕಣಗಳು ಕೊನೆಯ ಸಲ ಬಿಸಿಲು ಕಂಡದ್ದು ಯಾವಾಗ ಎಂದು ಲ್ಯೂಮಿನಿಸೆನ್ಸ್ ಪರೀಕ್ಷೆ ಹೇಳುತ್ತದೆ. ಅದು ಹೂತುಹೋದ ಕಾಲ, ಕೆತ್ತಿದ ಕಾಲವಲ್ಲ.