ಪಿ53 ಬ್ಯಾಂಡ್ ಕಪ್ಪಗಿದ್ದರೆ ಮ್ಯುಟೇಶನ್ ಇದೆ ಎಂದರ್ಥವೇ?

ಪ್ರಶ್ನೆ: ಡಿಒ-1 ಆಂಟಿಬಾಡಿ ಹಾಕಿ ವೆಸ್ಟರ್ನ್ ಬ್ಲಾಟ್ ಮಾಡಿದೆವು. ಒಂದು ಸ್ಯಾಂಪಲ್‌ನಲ್ಲಿ ಪಿ53 ಬ್ಯಾಂಡ್ ಕಡುಕಪ್ಪಾಗಿ ಬಂದಿದೆ, ಇನ್ನೊಂದರಲ್ಲಿ ಏನೂ ಇಲ್ಲ. ಮೊದಲನೆಯದರಲ್ಲಿ ಮ್ಯುಟೇಶನ್ ಇದೆ, ಎರಡನೆಯದು ನಾರ್ಮಲ್ ಎಂದು ಬರೆಯಬಹುದೇ?

ಬರೆಯಬೇಡಿ. ಈ ಪ್ರಶ್ನೆ ವೇಷ ಬದಲಿಸಿಕೊಂಡು ಬರುತ್ತಲೇ ಇರುತ್ತದೆ, ಉತ್ತರ ಮಾತ್ರ ಅದೇ. ಹೊಸಬರಿಗೆ: ಪಿ53 ಎಂದರೆ ಕ್ಯಾನ್ಸರ್ ತಡೆಯುವ ಒಂದು ಪ್ರೋಟೀನ್. ವೆಸ್ಟರ್ನ್ ಬ್ಲಾಟ್ ಎಂದರೆ ಪ್ರೋಟೀನ್‌ಗಳನ್ನು ಜೆಲ್‌ನಲ್ಲಿ ಗಾತ್ರದ ಪ್ರಕಾರ ಬೇರ್ಪಡಿಸಿ, ಬೇಕಾದದ್ದನ್ನು ಆಂಟಿಬಾಡಿಯಿಂದ ಗುರುತಿಸುವ ಪರೀಕ್ಷೆ. ಒಂದೊಂದು ಸ್ಯಾಂಪಲ್ ಓಡುವ ಸಾಲು ಲೇನ್, ಅದರಲ್ಲಿ ಮೂಡುವ ಗೆರೆ ಬ್ಯಾಂಡ್.

ಡಿಒ-1 ಹಿಡಿಯುವುದು ಪಿ53ರ ಎನ್-ತುದಿಯ ಹತ್ತಿರವಿರುವ ಒಂದು ಚಿಕ್ಕ ತುಣುಕನ್ನು, ಸರಿಸುಮಾರು 20ರಿಂದ 25ನೇ ಅಮೈನೋ ಆಮ್ಲದವರೆಗೆ. ಕ್ಯಾನ್ಸರ್‌ನಲ್ಲಿ ಕಾಣುವ ಮ್ಯುಟೇಶನ್‌ಗಳಲ್ಲಿ ಬಹುಪಾಲು ಇರುವುದು ಡಿಎನ್‌ಎಗೆ ಅಂಟುವ ಮಧ್ಯಭಾಗದಲ್ಲಿ: 175, 248, 273 ಇತ್ಯಾದಿ ಜಾಗಗಳಲ್ಲಿ. ಅಲ್ಲಿ ಏನಾಗಿದೆ ಎಂಬುದು ಈ ಆಂಟಿಬಾಡಿಗೆ ತಿಳಿಯುವ ದಾರಿಯೇ ಇಲ್ಲ. ಪ್ರೋಟೀನ್ ಎಷ್ಟಿದೆ ಎಂದು ಅದು ಹೇಳುತ್ತದೆ, ಹೇಗಿದೆ ಎಂದು ಹೇಳುವುದಿಲ್ಲ.

ತಪ್ಪು ನಂಬಿಕೆ ಹುಟ್ಟಿದ್ದು ಅರ್ಧ ಸತ್ಯದಿಂದ. ಆರೋಗ್ಯವಂತ ಕೋಶದಲ್ಲಿ ಎಂಡಿಎಂ2 ಎಂಬ ಪ್ರೋಟೀನ್ ಪಿ53ರ ಬೆನ್ನು ಹತ್ತಿ ಅದನ್ನು ನಾಶಕ್ಕೆ ಕಳಿಸುತ್ತಿರುತ್ತದೆ, ಹಾಗಾಗಿ ಅದರ ಅರ್ಧಾಯುಷ್ಯ ಸುಮಾರು 20 ನಿಮಿಷ. ಮ್ಯುಟೇಶನ್‌ನಿಂದ ಕೆಟ್ಟ ಪಿ53 ಕ್ಯಾನ್ಸರ್ ಕೋಶದಲ್ಲಿ ಹೀಗೆ ಕರಗದೆ ಗುಡ್ಡೆ ಬೀಳುತ್ತದೆ. ಎಸ್‌ಕೆ-ಬಿಆರ್-3, ಎ431 ಎಂಬ, ಲ್ಯಾಬ್‌ನಲ್ಲಿ ಬೆಳೆಸುವ ಕ್ಯಾನ್ಸರ್ ಕೋಶಗಳಲ್ಲಿ ಬ್ಯಾಂಡ್ ಕಪ್ಪಗಿರುವುದು ಇದರಿಂದಲೇ. ಇಲ್ಲಿಯವರೆಗೆ ಸರಿ.

ಆದರೆ ಎಂಸಿಎಫ್-7 ಎಂಬ ಕ್ಯಾನ್ಸರ್ ಕೋಶಗಳಿಗೆ ರಾತ್ರಿಯಿಡೀ ಡಿಎನ್‌ಎಗೆ ಹಾನಿ ಮಾಡುವ ಔಷಧಿ ಡಾಕ್ಸೊರುಬಿಸಿನ್ ಕೊಟ್ಟು ನೋಡಿ. ಜೀನ್ ನಾರ್ಮಲ್, ಬ್ಯಾಂಡ್ ಮಾತ್ರ ಕಪ್ಪು, ಏಕೆಂದರೆ ಡಿಎನ್‌ಎ ಹಾನಿಯಾದಾಗ ಶೇಖರಗೊಳ್ಳುವುದೇ ಪಿ53ರ ಕೆಲಸ. ಎಚ್‌ಇಕೆ293 ಕೋಶಗಳಲ್ಲಿ ಔಷಧಿಯೇ ಬೇಡ, ಅಡೆನೊವೈರಸ್‌ನ ಪ್ರೋಟೀನ್ ಪಿ53 ನಾಶವಾಗದಂತೆ ತಡೆದಿರುತ್ತದೆ. ಇನ್ನು ಖಾಲಿ ಲೇನ್: ಹೀಲಾ ಕೋಶಗಳಲ್ಲಿ ಜೀನ್ ಸರಿಯಿದೆ, ಆದರೆ ಎಚ್‌ಪಿವಿ-18 ವೈರಸ್‌ನ ಇ6 ಎಂಬ ಪ್ರೋಟೀನ್ ಪಿ53ನ್ನು ತಿಂದುಹಾಕುತ್ತದೆ. ಎಚ್1299 ಕೋಶಗಳಲ್ಲಿ ಜೀನಿನ ಭಾಗವೇ ಕಳೆದುಹೋಗಿದೆ. ಎರಡೂ ಲೇನ್ ನೋಡಲು ಒಂದೇ! ನಿಮ್ಮ ಎರಡನೇ ಸ್ಯಾಂಪಲ್ ಎಚ್1299ರಂಥದ್ದಾಗಿದ್ದರೆ, ‘ನಾರ್ಮಲ್’ ಎಂದು ಬರೆದದ್ದು ನಿಜದ ತಲೆಕೆಳಗು.

ಪೆಥಾಲಜಿಯವರಿಗೆ ಈ ಪಾಠ ಚೆನ್ನಾಗಿ ಗೊತ್ತು. ಪಿ53 ಹಿಡಿಯುವ ಇನ್ನೊಂದು ಆಂಟಿಬಾಡಿ ಡಿಒ-7 ಹಾಕಿದ ಗೆಡ್ಡೆಯ ಸ್ಲೈಡಿನಲ್ಲಿ ಕೆಲವು ನ್ಯೂಕ್ಲಿಯಸ್ ತಿಳಿಕಂದು, ಕೆಲವು ಗಾಢ, ಕೆಲವು ಖಾಲಿ ಎಂದು ಚದುರಿದ ಬಣ್ಣ ಬಂದರೆ ಅದು ನಾರ್ಮಲ್ ಮಾದರಿ. ಗೆಡ್ಡೆಯ ಕೋಶಗಳೆಲ್ಲ ಒಂದೇ ಸಮ ಗಾಢವಾಗಿದ್ದರೂ ಅನುಮಾನ, ಒಂದರಲ್ಲೂ ಬಣ್ಣವಿಲ್ಲದಿದ್ದರೂ ಅನುಮಾನ. ಆದರೆ ‘ಒಂದರಲ್ಲೂ ಇಲ್ಲ’ ಎನ್ನುವ ಮೊದಲು ಅದೇ ಸ್ಲೈಡಿನ ಸ್ಟ್ರೋಮಾ (ಗೆಡ್ಡೆಯ ನಡುವಿನ ಆಧಾರ ಅಂಗಾಂಶ) ಮತ್ತು ಲಿಂಫೊಸೈಟ್‌ಗಳಲ್ಲಿ (ಒಂದು ಬಗೆಯ ಬಿಳಿ ರಕ್ತಕಣ) ಮಸುಕು ಬಣ್ಣ ಬಂದಿದೆಯೇ ನೋಡಬೇಕು. ಅಲ್ಲೂ ಇಲ್ಲವೆಂದರೆ ಕೆಟ್ಟದ್ದು ಫಿಕ್ಸೇಶನ್ (ಅಂಗಾಂಶ ಕೆಡದಂತೆ ಕಾಪಿಡುವ ಹಂತ) ಅಥವಾ ಆಂಟಿಜೆನ್ ರಿಟ್ರೀವಲ್ (ಆಂಟಿಬಾಡಿ ಹಿಡಿಯುವ ಜಾಗವನ್ನು ಮತ್ತೆ ತೆರೆಯುವ ಹಂತ). ಆ ಸ್ಲೈಡ್ ಓದಲು ಬರುವುದಿಲ್ಲ.

‘ಮ್ಯುಟೆಂಟನ್ನು ಮಾತ್ರ ಹಿಡಿಯುವ ಆಂಟಿಬಾಡಿ ಪಿಎಬಿ240 ತರಿಸಿದರೆ?’ ಎಂದು ಮುಂದಿನ ಪ್ರಶ್ನೆ ಬರುತ್ತದೆ, ಗೊತ್ತು. ಅದು ಹಿಡಿಯುವ ಜಾಗ ಸರಿಯಾಗಿ ಮಡಿಚಿಕೊಂಡ ಪಿ53ರಲ್ಲಿ ಒಳಗೆ ಅಡಗಿರುತ್ತದೆ. ಮಡಿಕೆ ಕೆಟ್ಟಾಗ ಹೊರಗೆ ಬರುತ್ತದೆ. ಬ್ಲಾಟ್‌ಗೆಂದು, ಮಡಿಕೆ ಬಿಚ್ಚುವ ಡಿಟರ್ಜೆಂಟ್ ಎಸ್‌ಡಿಎಸ್ ಹಾಕಿ 95 ಡಿಗ್ರಿಯಲ್ಲಿ 5 ನಿಮಿಷ ಕುದಿಸಿದ ಮೇಲೆ ಯಾವ ಪಿ53ರ ಮಡಿಕೆ ತಾನೇ ಉಳಿದೀತು? ಬ್ಲಾಟ್‌ನಲ್ಲಿ ಅದು ಒಳ್ಳೆಯದು, ಕೆಟ್ಟದ್ದು ಎರಡನ್ನೂ ಹಿಡಿಯುತ್ತದೆ. ಮಡಿಕೆ ಕೆಡದಂತೆ ಇಮ್ಯುನೊಪ್ರಿಸಿಪಿಟೇಶನ್ (ಆಂಟಿಬಾಡಿಯಿಂದ ದ್ರಾವಣದೊಳಗಿನ ಪ್ರೋಟೀನನ್ನು ಹಿಡಿದು ಹೊರಗೆಳೆಯುವುದು) ಮಾಡಿದಾಗ ಮಾತ್ರ ಅದರ ಮಾತಿಗೆ ಬೆಲೆ. ಮ್ಯುಟೇಶನ್ ತಿಳಿಯಬೇಕೆಂದರೆ ಜೀನ್ ಸೀಕ್ವೆನ್ಸ್ ಮಾಡಿಸಿ.

ಬ್ಲಾಟ್ ಮಾಡುವವರು ಇಷ್ಟಾದರೂ ಮಾಡಿ: 10% ಜೆಲ್, ಲೇನಿಗೆ 20ರಿಂದ 30 ಮೈಕ್ರೋಗ್ರಾಂ ಪ್ರೋಟೀನ್, ಲೈಸೇಟ್ (ಕೋಶ ಒಡೆದು ಪಡೆದ ದ್ರಾವಣ) ಐಸ್ ಮೇಲೆ, ಪ್ರೋಟಿಯೇಸ್ ಇನ್ಹಿಬಿಟರ್ ಆಗಲೇ ಸೇರಿಸಿದ್ದು. 5% ಹಾಲಿನ ಪುಡಿಯಲ್ಲಿ ಒಂದು ಗಂಟೆ ಬ್ಲಾಕ್, ಡಿಒ-1 1:1000ರಿಂದ ಶುರುಮಾಡಿ ರಾತ್ರಿಯಿಡೀ 4 ಡಿಗ್ರಿಯಲ್ಲಿ. ಹೋಲಿಕೆಗೆ ಪಕ್ಕದ ಲೇನ್‌ಗಳಲ್ಲಿ ಎಚ್1299 (ಬ್ಯಾಂಡ್ ಬರಬಾರದ್ದು) ಮತ್ತು ಡಾಕ್ಸೊರುಬಿಸಿನ್ ಕೊಟ್ಟ ಎಂಸಿಎಫ್-7 (ಬರಲೇಬೇಕಾದ್ದು) ಇರಲೇಬೇಕು. ಮೊದಲ (ಪ್ರೈಮರಿ) ಆಂಟಿಬಾಡಿಯನ್ನು ಹಿಡಿದು ಬ್ಯಾಂಡ್ ಮೂಡಿಸುವ ಎರಡನೇ ಆಂಟಿಬಾಡಿ ಸೆಕೆಂಡರಿ; ಎಚ್‌ಆರ್‌ಪಿ ಕಿಣ್ವ ಅಂಟಿಸಿದ ಸೆಕೆಂಡರಿ ಇರುವ ಬಫರಿಗೆ ಸೋಡಿಯಂ ಅಜೈಡ್ ಹಾಕಿದರೆ ಕಿಣ್ವ ಸಾಯುತ್ತದೆ, ಆಮೇಲೆ ಆಂಟಿಬಾಡಿಯನ್ನು ಬೈದು ಪ್ರಯೋಜನವಿಲ್ಲ.

ಯಾರೂ ಕೇಳದಿದ್ದರೂ ಇಲಿಯ ವಿಷಯ ಹೇಳಿಬಿಡುತ್ತೇನೆ. ಪಿ53ರಲ್ಲಿ 393 ಅಮೈನೋ ಆಮ್ಲಗಳಿವೆ, ಲೆಕ್ಕದ ಪ್ರಕಾರ ತೂಕ ಸುಮಾರು 44 ಕಿಲೋಡಾಲ್ಟನ್. ಪ್ರೋಲಿನ್ ಹೆಚ್ಚಿರುವ ಭಾಗದ ದೆಸೆಯಿಂದ ಜೆಲ್‌ನಲ್ಲಿ ನಿಧಾನವಾಗಿ ಓಡಿ 53ರ ಹತ್ತಿರ ನಿಲ್ಲುತ್ತದೆ. ಡಿಒ-1 ಇಲಿಯ ಪಿ53ನ್ನು ಹಿಡಿಯುವುದಿಲ್ಲ. ಆದರೂ ಇಲಿಯ ಗೆಡ್ಡೆಯ ಸ್ಯಾಂಪಲ್‌ನಲ್ಲಿ 50ರ ಆಸುಪಾಸು ಚಂದದ ಬ್ಯಾಂಡ್ ಕಾಣಬಹುದು. ಡಿಒ-1 ಇಲಿಯಿಂದ ಬಂದ ಆಂಟಿಬಾಡಿ, ಸೆಕೆಂಡರಿ ಇಲಿಯ ಐಜಿಜಿಯನ್ನು (ರಕ್ತದಲ್ಲಿರುವ ಆಂಟಿಬಾಡಿ) ಹುಡುಕುತ್ತದೆ, ಅಂಗಾಂಶದ ರಕ್ತದಲ್ಲಿ ಅದು ಧಾರಾಳವಾಗಿದೆ, ಅದರ ಹೆವಿ ಚೈನ್ ತೂಕ 50 ಕಿಲೋಡಾಲ್ಟನ್. ಪ್ರೈಮರಿ ಬಿಟ್ಟು ಬರೀ ಸೆಕೆಂಡರಿ ಹಾಕಿದ ಒಂದು ಪಟ್ಟಿಯಲ್ಲೂ ಅದೇ ಬ್ಯಾಂಡ್ ಬಂದರೆ ಇಲಿಯ ಪಿ53ನ್ನು ಹಿಡಿಯುವ, ಮೊಲದಿಂದ ಮಾಡಿದ ಆಂಟಿಬಾಡಿ ಸಿಎಂ5 ತರಿಸಿಕೊಳ್ಳಿ.